ಎಡಕ್ಕೆ ತಿರುಗಿದರೆ ಕೂಗುವ ಕಾರು

ಸರ್ವೇಯರ್ ಸಾಹೇಬರನ್ನು ನಾನು ಮೊದಲು ಕಂಡದ್ದು ಈ ಬೀದಿಯಲ್ಲಿ ನಾವು ಸಾಮಾನು ಇಳಿಸಿದ ದಿನ. ಎದುರು ಮನೆಯ ಗೇಟಿಗೆ ಆತು ನಿಂತು, ಒಂದು ಕಣ್ಣು ಮುಚ್ಚಿ, ನಮ್ಮ ಲಾರಿಯನ್ನೇ ನೋಡುತ್ತಿದ್ದರು. "ನಮಸ್ಕಾರ. ನಿಮ್ಮ ಬೀರು ಒಂದು ಬೆರಳು ಬಲಕ್ಕೆ ವಾಲಿದೆ" ಎಂದರು. ಅದೇ ಪರಿಚಯ. ಆಯುಷ್ಯವನ್ನೆಲ್ಲ ಜಮೀನು ಅಳೆಯುವುದರಲ್ಲಿ ಕಳೆದು ನಿವೃತ್ತರಾದವರು. ಸಂಬಳ ನಿಂತಿತ್ತು, ಕಣ್ಣು ನಿಂತಿರಲಿಲ್ಲ. ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ಬೀದಿಗೆಲ್ಲ ನರ್ಸಮ್ಮ.

ಆ ಮನೆಯಲ್ಲಿ ಕಾರು ಒಂದು, ಕೀಲಿ ಒಂದು, ಲೈಸೆನ್ಸು ಮಾತ್ರ ಎರಡು. ನರ್ಸಮ್ಮನ ಲೈಸೆನ್ಸು ಬೀರುವಿನ ತಳದಲ್ಲಿ ನುಸಿಗುಳಿಗೆಗಳ ಸಂಗಡ ವಿಶ್ರಾಂತಿ ಪಡೆಯುತ್ತಿತ್ತು. ಅವರು ಕೀಲಿ ಕೇಳಿದಾಗಲೆಲ್ಲ ಸಾಹೇಬರು, "ಯಂತ್ರಕ್ಕೂ ಒಂದು ನಾಡಿ ಇರುತ್ತೆ ಕಣೇ. ಅದು ಎಲ್ಲರ ಕೈಗೂ ಸಿಗೋದಿಲ್ಲ" ಎನ್ನುತ್ತಿದ್ದರು. (ನಾಡಿ ಹಿಡಿದೇ ಸಂಸಾರದ ಅರ್ಧ ಭಾರ ಹೊತ್ತ ಹೆಂಗಸಿಗೆ ಈ ಉಪದೇಶ.)

ಕಾರು ನೇರವಾಗಿ ಹೋಗುವಾಗ ಅದರ ಸ್ಟೀರಿಂಗ್ ಚಕ್ರ ಕೂದಲೆಳೆಯಷ್ಟು ಎಡಕ್ಕೆ ವಾಲಿರುತ್ತಿತ್ತು. ಬೇರೆಯವರಾಗಿದ್ದರೆ ಗಮನಿಸುತ್ತಲೂ ಇರಲಿಲ್ಲ. ಸಾಹೇಬರಿಗೆ ಊಟ ಸೇರದಾಯಿತು. ಕಾರನ್ನು ಗ್ಯಾರೇಜಿಗೆ ಒಯ್ದು, ಚಕ್ರವನ್ನು ಬಿಚ್ಚಿಸಿ, ನೆಟ್ಟಗೆ ಕೂರಿಸಿಕೊಂಡು, ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಹೊರಟರು. ಆ ಸಾಮ್ರಾಜ್ಯ ಮೊದಲನೆಯ ಎಡ ತಿರುವಿನವರೆಗೆ ಬಾಳಿತು.

ತಿರುವಿನಲ್ಲಿ ಕಾರು ತಾನಾಗಿಯೇ ಕೂಗಿಕೊಂಡಿತು. ಮುಂದೆ ಇದ್ದದ್ದು ಪೊಲೀಸು. ಆತ ತಿರುಗಿ ಕೆಕ್ಕರಿಸಿದ. ಹಾರ್ನ್ ಒತ್ತಿದ್ದು ತಾವಲ್ಲವೆಂದು ತೋರಿಸಲು ಸಾಹೇಬರು ಎರಡೂ ಕೈಗಳನ್ನು ಮೇಲಕ್ಕೆತ್ತಿದರು. ಕಾರು ಕೂಗುತ್ತಲೇ ಮುಂದೆ ಸರಿಯಿತು.

"ಯಜಮಾನ್ರೇ, ಶರಣಾಗೋದು ಆಮೇಲೆ. ಮೊದಲು ಬ್ರೇಕ್ ಹಾಕಿ" ಎಂದ ಪೊಲೀಸು.

ಮನೆ ತಲುಪುವಷ್ಟರಲ್ಲಿ ಬೇನೆಗಳು ಬೆಳೆದಿದ್ದವು. ಒತ್ತಿದರೆ ಹಾರ್ನಿಗೆ ಮೌನವ್ರತ, ಎಡಕ್ಕೆ ತಿರುಗಿದರೆ ಆರ್ಭಟ. ಚಕ್ರದ ಮೇಲಿನ ರೇಡಿಯೋ ಗುಂಡಿಗಳು ಸತ್ತಿದ್ದವು. ಏರ್‌ಬ್ಯಾಗಿನ ಕೆಂಪು ದೀಪ ಮಾತ್ರ ಕಣ್ಣು ಮಿಟುಕಿಸದೆ ಉರಿಯುತ್ತಿತ್ತು.

"ದ್ರೋಹ" ಎಂದರು ಸಾಹೇಬರು ಅಂಗಳದಲ್ಲಿ ನಿಂತು. "ಹಗಲು ದರೋಡೆ. ಸರಿಯಿದ್ದ ಕಾರನ್ನ ಹಾಳುಮಾಡಿ ಕಳಿಸಿದ್ದಾನೆ."

ನರ್ಸಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಕೂಗಾಡಬೇಡಿ ರೀ. ಯಾವಾಗಿಂದ ಹೀಗೆ?"

"ಚಕ್ರ ಬಿಚ್ಚಿ ಹಾಕಿದ ಮೇಲೆ."

"ಅದಕ್ಕೆ ಮುಂಚೆ?"

"ಮುತ್ತಿನಂಥಾ ಕಾರು ಕಣೇ."

ನರ್ಸಮ್ಮನ ಪರೀಕ್ಷೆ ಶುರುವಾಯಿತು. ಫ್ಯೂಸು ತೆಗೆದು ಬೆಳಕಿಗೆ ಹಿಡಿದರು, ಸುಟ್ಟಿರಲಿಲ್ಲ. ಬ್ಯಾಟರಿಯ ತಂತಿ ಅಲ್ಲಾಡಿಸಿದರು, ಬಿಗಿಯಾಗಿತ್ತು. ನರ್ಸಮ್ಮ ಒಂದು ತುಂಡು ತಂತಿ ತಂದು ಬ್ಯಾಟರಿಯಿಂದ ನೇರ ಹಾರ್ನಿಗೆ ತಾಗಿಸಿದಾಗ ಬೀದಿಯ ನಾಯಿಗಳೆಲ್ಲ ಎದ್ದು ನಿಂತವು.

"ಹಾರ್ನು ಗಟ್ಟಿಮುಟ್ಟಾಗಿದೆ" ಎಂದರು ನರ್ಸಮ್ಮ. "ಫ್ಯೂಸೂ ಸರಿಯಾಗಿದೆ. ಚಕ್ರದ ಹಿಂದೆ ಎಲ್ಲೋ ನರ ತುಂಡಾಗಿದೆ. ಅಲ್ಲಿಗೆ ಯಾರ ಕೈ ಹೋಗಿತ್ತು?"

"ಇನ್ಯಾರದು, ಆ ಮೆಕ್ಯಾನಿಕ್ಕಿಂದು. ಬಾ ನನ್ನ ಜೊತೆ. ಇವತ್ತು ಅವನಿಗೆ ನೀರಿಳಿಸ್ತೀನಿ. ತಪ್ಪು ಅವನದಲ್ಲ ಅಂತ ಆದ್ರೆ, ತಗೋ, ಈ ಕೀಲಿ ನಿನ್ನದು. ಜನ್ಮದಲ್ಲಿ ವಾಪಸ್ ಕೇಳೋದಿಲ್ಲ."

ನರ್ಸಮ್ಮ ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದರು. (ಲೈಸೆನ್ಸನ್ನೂ ಚೀಲಕ್ಕೆ ಹಾಕಿಕೊಂಡಿದ್ದರೆಂದು ಆಮೇಲೆ ತಿಳಿಯಿತು.) ಎಡಕ್ಕೆ ತಿರುಗಬಾರದೆಂದು ಸಾಹೇಬರು ಬಲ ತಿರುವುಗಳಲ್ಲೇ ಊರು ಸುತ್ತಿ ಕಾರನ್ನು ಗ್ಯಾರೇಜಿಗೆ ಮುಟ್ಟಿಸಿದರು.

ಮೆಕ್ಯಾನಿಕ್ಕೂ ಬಾಯಿಗೆ ಬೀಗ ಹಾಕಿಕೊಂಡವನಲ್ಲ. "ಸರ್, ಇಲ್ಲಿಂದ ಹೋಗೋವಾಗ ಎಲ್ಲ ಚೆನ್ನಾಗಿತ್ತು. ದಾರೀಲಿ ಏನು ಮಾಡಿಕೊಂಡ್ರೋ."

"ಚೆನ್ನಾಗಿತ್ತಾ? ಹಾರ್ನ್ ಒತ್ತಿ ನೋಡಿ ಕೊಟ್ಟೆಯೇನಯ್ಯಾ?"

"ನೀವು ಆತುರ ಮಾಡಿದ್ರಿ ಸರ್. ನೆಟ್ಟಗಿದೆ, ನೆಟ್ಟಗಿದೆ ಅಂತ ಓಡಿಸಿಕೊಂಡು ಹೋದ್ರಿ."

ಸಾಹೇಬರ ಕಿವಿ ಕೆಂಪಾಯಿತು. ಇಡೀ ಗ್ಯಾರೇಜಿಗೆ ಕೇಳುವಂತೆ ದನಿ ಏರಿಸಿದರು. "ನಿನ್ನ ಅಸಡ್ಡೆಗೆ ನಾನೇ ಸಾಕ್ಷಿ. ಚಕ್ರ ಬಿಚ್ಚಿಟ್ಟು, ಮುಟ್ಟಬೇಡಿ ಅಂತ ಹೇಳಿ, ಸ್ಪ್ಯಾನರ್ ತರೋಕೆ ಹೋದೆ. ಚಕ್ರದ ಹಿಂದೆ ಒಂದು ದುಂಡನೆಯ ಪ್ಲಾಸ್ಟಿಕ್ ಬಿಲ್ಲೆ ಇತ್ತಲ್ಲ, ಅದರ ಗುರುತು ಸೊಟ್ಟಗಿತ್ತು. ಹಾಗೇ ಬಿಟ್ಟು ಹೋಗಿದ್ದೆ. ನನ್ನ ಕೈಲಿ ನೋಡೋಕಾಗದೆ ನಾನೇ ತಿರುಗಿಸಿದೆ. ಹಿಡಿತ ಸಿಗೋವರೆಗೂ ಸುತ್ತಿದೆ. ಆಮೇಲೂ ಕೊಂಚ ಬಿಗಿಯಿತ್ತು, ಇನ್ನಷ್ಟು ಬಲ ಹಾಕಿದೆ. ಟಕ್ ಅಂತ ಹೇಗೆ ಕೂತಿತು ಗೊತ್ತಾ? ನಿನ್ನ ಕೆಲಸ ನಾನು ಮಾಡಬೇಕಾಯ್ತು."

ಗ್ಯಾರೇಜಿನಲ್ಲಿ ಸುತ್ತಿಗೆಯ ಸದ್ದು ನಿಂತಿತು. ಮೆಕ್ಯಾನಿಕ್ ಹಣೆ ಹಿಡಿದುಕೊಂಡು ಟೈರಿನ ಮೇಲೆ ಕುಳಿತ.

"ಸರ್, ಅದರೊಳಗೆ ತೆಳ್ಳಗಿನ ಪಟ್ಟಿ ಸುರುಳಿ ಸುತ್ತಿರುತ್ತೆ. ಹಾರ್ನು, ರೇಡಿಯೋ, ಏರ್‌ಬ್ಯಾಗು, ಎಲ್ಲದರ ಕರೆಂಟೂ ಅದರಲ್ಲೇ ಹೋಗೋದು. ಮಿತಿ ಮೀರಿ ಸುತ್ತಿದ್ರೆ ಹರಿದುಹೋಗುತ್ತೆ. ಹರಿದ ತುದಿ ಎಡ ತಿರುವಿನಲ್ಲಿ ಎಲ್ಲಿಗೋ ತಾಗಿ ಹಾರ್ನ್ ಕೂಗುತ್ತೆ."

"ಹಾಗಾದರೆ ಟಕ್ ಅಂದಿದ್ದು?" ಎಂದು ನರ್ಸಮ್ಮ ಮೃದುವಾಗಿ ಕೇಳಿದರು.

"ಅದೇ ಅಮ್ಮಾ, ಹರಿದಿದ್ದು."

ನರ್ಸಮ್ಮ ಅಂಗೈ ಚಾಚಿದರು. ಸಾಹೇಬರು ಕೀಲಿಯನ್ನು ನೋಡಿದರು, ಗ್ಯಾರೇಜಿನ ಜನರನ್ನು ನೋಡಿದರು, ಕೊನೆಗೆ ಅದನ್ನು ಆ ಅಂಗೈಯ ನಟ್ಟನಡುವೆ ಇಟ್ಟರು.

ಹೊಸ ಸುರುಳಿ ಬಂದು ಕಾರಿನ ಬೇನೆಗಳೆಲ್ಲ ವಾಸಿಯಾಗಿ ಬಹಳ ಕಾಲವಾಯಿತು. ನರ್ಸಮ್ಮ ಈಗ ಊರೆಲ್ಲ ಓಡಿಸುತ್ತಾರೆ, ಎಡಕ್ಕೂ ಬಲಕ್ಕೂ. ಸಾಹೇಬರು ಹಿಂದಿನ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುತ್ತಾರೆ. ಮುಂದೆ ಕೂತರೆ ಇಲ್ಲದ ಬ್ರೇಕನ್ನು ತುಳಿಯುತ್ತಾರೆಂದು ಹಿಂದಕ್ಕೆ ಕಳಿಸಲಾಗಿದೆ. ಆದರೆ ದಾರಿಯಲ್ಲಿ ಪರಿಚಯದವರು ಸಿಕ್ಕರೆ ಗಾಜು ಇಳಿಸಿ, "ಈ ವಯಸ್ಸಿನಲ್ಲಿ ನಾವೇ ಓಡಿಸೋದು ಯಾಕೆ ಅಂತ ಡ್ರೈವರ್ ಇಟ್ಟುಬಿಟ್ಟೆ" ಎನ್ನುತ್ತಾರೆ.

ಮೊನ್ನೆ ನನ್ನೆದುರಿಗೂ ಹಾಗೆಯೇ ಅಂದರು. ನರ್ಸಮ್ಮ ಕಾರನ್ನು ರಸ್ತೆಯಂಚಿಗೆ ತಂದು, ಎಂಜಿನ್ ಆರಿಸಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಡ್ರೈವರಿಗೆ ಚಹಾ ಬೇಕಂತೆ. ಸಕ್ಕರೆ ಕಮ್ಮಿ."

ಸಾಹೇಬರು ಇಳಿದರು. ರಸ್ತೆಯಾಚೆಯ ಅಂಗಡಿಯಿಂದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ತೊಟ್ಟೂ ತುಳುಕದಂತೆ, ನೆಟ್ಟಗೆ ನಡೆದು ಬರುತ್ತಿದ್ದರು.