ಗಾಡಿ ಇಳಿಸಿ, ಗಾಲಿ ನೇರ ಮಾಡಿ

ಗ್ಯಾರೇಜಿಗೆ ಕೆಟ್ಟ ಗಾಡಿಗಳು ಮಾತ್ರ ಬರುತ್ತವೆಂದು ಜನ ತಿಳಿದಿದ್ದಾರೆ. ಚೆನ್ನಾಗಿರುವ ಗಾಡಿಯನ್ನು ತಂದು ಕೆಡಿಸಿಕೊಡಿ ಅನ್ನುವವರೂ ಇರುತ್ತಾರೆ. ಐವತ್ತರ ದಶಕದಲ್ಲಿ, ಮುಂಬಯಿಯಲ್ಲಿ ಟ್ರಾಮು ಇನ್ನೂ ಓಡುತ್ತಿದ್ದ ಕಾಲದಲ್ಲಿ, ಪರೇಲಿನ ನನ್ನ ಗ್ಯಾರೇಜಿಗೆ ಅಂಥವರೇ ಹುಡುಕಿಕೊಂಡು ಬರುತ್ತಿದ್ದರು. ಅವರಲ್ಲಿ ಒಬ್ಬರನ್ನು ಮರೆಯಲು ನನ್ನಿಂದ ಆಗಿಲ್ಲ.

೧. ಗಿಡ್ಡ ಮಾಡಿ

ಅವರು ಉಡುಪಿ ಕಡೆಯವರು, ಸಯನ್‌ನಲ್ಲಿ ಹೋಟೆಲು. ಒಂದು ಹಳೆಯ ಅಮೆರಿಕನ್ ಕಾರು ಕೊಂಡಿದ್ದರು. ಬಂದವರೇ, "ಇದನ್ನು ಗಿಡ್ಡ ಮಾಡಿಕೊಡಿ" ಅಂದರು.

ಕಾರಣ ಅವರ ತಾಯಿ. ಮೊಣಕಾಲು ಕೈಕೊಟ್ಟ ಮೇಲೆ ಆಕೆ ಹೋಟೆಲಿನ ಹಿಂದಿನ ಕೋಣೆಯಿಂದ ಹೊರಗೆ ಬಂದಿರಲಿಲ್ಲ, ಮಗನ ಅಡುಗೆಯನ್ನೂ ಅಲ್ಲೇ ಕೂತು ಮಾಡುತ್ತಿದ್ದರು. ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದ ಜೀವ, ಒಮ್ಮೆ ಸಮುದ್ರ ನೋಡಬೇಕು ಅನ್ನುತ್ತಿದ್ದರು. ಅದಕ್ಕೇ ಕಾರು ಬಂತು. ಆದರೆ ಕಾರಿನ ಎತ್ತರಕ್ಕೆ ಕಾಲು ಏಳಲಿಲ್ಲ.

ನಾನು ಧಾರವಾಡದವ, ಇದ್ದದ್ದು ಇದ್ದ ಹಾಗೆ ಹೇಳಿದೆ. "ಸ್ಪ್ರಿಂಗ್ ಕತ್ತರಿಸಿದ್ರ ಗಾಡಿ ಇಳೀತದರಿ. ಆದ್ರ ಮುಂದಿನ ಗಾಲಿ ಸೊಟ್ಟ ಆಗ್ತಾವ. ಗಾಲಿ ತಲಿ ಒಳಗ ವಾಲ್ತದ, ಮೂತಿ ಒಂದೊಂದು ದಿಕ್ಕಿಗೆ ತಿರಗ್ತದ."

"ಸೊಟ್ಟ ಆದರೆ ನೇರ ಮಾಡುವ. ಈ ವಯಸ್ಸಿಗೆ ಅಮ್ಮನನ್ನು ಉದ್ದ ಮಾಡಲಿಕ್ಕೆ ಆಗ್ತದಾ ಮಾರಾಯ್ರೆ?"

೨. ಎಡಕ್ಕೆ

ಸ್ಪ್ರಿಂಗ್ ಕತ್ತರಿಸಿದೆ. ಗಾಡಿ ಇಳಿಯಿತು, ಗಾಲಿ ಸೊಟ್ಟ ಆಯಿತು. ನೋಡೋಣವೆಂದು ಇಬ್ಬರೂ ದಾದರ್ ಕಡೆ ಹೊರಟೆವು. ಗಾಡಿ ಎಡಕ್ಕೆ ಎಳೆಯುತ್ತಿತ್ತು. ಕಾರಿನ ಯಜಮಾನರು ಸ್ಟಿಯರಿಂಗ್ ಜೊತೆ ಕುಸ್ತಿ ಆಡುತ್ತ ಓಡಿಸಿದರು. ದಾದರಿನಲ್ಲಿ ಕೈ ಒಂದು ಚೂರು ಸಡಿಲವಾದದ್ದೇ ತಡ, ಗಾಡಿ ನುಗ್ಗಿ ಇನ್ನೊಂದು ಹೋಟೆಲಿನ ಬಾಗಿಲಲ್ಲಿ ನಿಂತಿತು. ಅದು ಇವರ ಊರಿನವರದ್ದೇ. ಇಬ್ಬರಿಗೂ ಮಾತು ಬಿಟ್ಟು ವರ್ಷಗಳಾಗಿದ್ದವು.

ಆ ಹೋಟೆಲಿನವರು ಹೊರಗೆ ಬಂದರು. ನಮ್ಮವರು ಮುಖ ಗಂಟಿಕ್ಕಿ, "ನಾನು ಬಂದದ್ದಲ್ಲ, ಗಾಡಿ ಬಂದದ್ದು" ಅಂದರು.

"ಗಾಡಿಗಾದರೂ ಒಳ್ಳೆ ಕಾಫಿ ಎಲ್ಲಿ ಸಿಗ್ತದೆ ಅಂತ ಗೊತ್ತುಂಟಲ್ಲ" ಅಂದರು ಅವರು.

೩. ಅಕ್ಕಿ ಮೂಟೆ

ಆಮೇಲೆ ಯಜಮಾನರ ಹಟ ಇನ್ನೂ ಹೆಚ್ಚಿತು. ನನ್ನದೂ ಕಡಿಮೆ ಇರಲಿಲ್ಲ. ಗಾಲಿ ಅಳೆಯುವ ಯಂತ್ರ ನನ್ನಲ್ಲಿರಲಿಲ್ಲ. ಹಿಂದಿನ ಗಾಲಿಯಿಂದ ಮುಂದಿನ ಗಾಲಿಗೆ ದಾರ ಎಳೆದು ಕಟ್ಟಿ, ಅದಕ್ಕೆ ಸರಿಯಾಗಿ ಮುಂದಿನ ಗಾಲಿಗಳನ್ನು ಜೋಡಿಸುವ ರಾಡು ತಿರುವಿ ಗಾಲಿಯ ಮೂತಿ ನೇರ ಮಾಡುತ್ತಿದ್ದೆ. ಖಾಲಿ ಗಾಡಿ ನೇರ ಆಗುತ್ತಿತ್ತು. ಹಿಂದೆ ಯಾರಾದರೂ ಕೂತರೆ ಕುಸಿದು ಮತ್ತೆ ಸೊಟ್ಟ. ಕೂರುವವರ ಭಾರ ಇಟ್ಟುಕೊಂಡೇ ನೇರ ಮಾಡಬೇಕು ಎಂದು ತಿಳಿಯಿತು.

"ತಾಯಾರ ತೂಕ ಎಷ್ಟರಿ?" ಎಂದು ಕೇಳಿದೆ.

"ಕೇಳುವ ಧೈರ್ಯ ನನಗಿಲ್ಲ. ನಿಮಗುಂಟಾ?"

ನನಗೂ ಇರಲಿಲ್ಲ. ಕೊನೆಗೆ ಹೋಟೆಲಿನ ಪಕ್ಕದ ಗಲ್ಲಿಯಲ್ಲಿ ಕಾರು ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ತಾಯಿ ಕೂರಬೇಕಾದ ಎಡಗಡೆ ಅಂದಾಜಿನ ಮೇಲೆ ಒಂದು ಅಕ್ಕಿ ಮೂಟೆ ಕೂರಿಸಿ ಕೆಲಸ ಮಾಡಿದೆ. ತಾಯಿ ಕೋಣೆಯ ಕಿಟಕಿಯಿಂದ ಅದನ್ನು ನೋಡಿದರು.

"ನನಗೆ ಅಂತ ಕಾರು ತಂದು ಅಕ್ಕಿಗೆ ಸವಾರಿಯಾ?"

ಮಗ ಸಮಾಧಾನ ಮಾಡಲು ಹೋದರು. "ಅಮ್ಮ, ಅದು ಅಕ್ಕಿ ಅಲ್ಲ. ಅದು ನೀನು."

ಆ ವಾರ ಅವರಿಗೆ ತಾಯಿಯ ಕೈಯ ಊಟ ಸಿಗಲಿಲ್ಲ.

೪. ಬಲಕ್ಕೆ

ಹೊರಡುವ ದಿನ ನಾನೂ ಮುಂದೆ ಕೂತೆ. ಎಡ ಬಾಗಿಲು ತೆಗೆದದ್ದೇ ತಾಯಿ ತಿರುಗಿ, ಕುರ್ಚಿಯಲ್ಲಿ ಕೂರುವ ಹಾಗೆ ಕೂತು, ಕಾಲು ಒಳಗೆ ಎಳೆದುಕೊಂಡರು. ಯಾರೂ ಕೈ ಹಿಡಿಯಬೇಕಾಗಲಿಲ್ಲ. ಯಜಮಾನರ ಕಣ್ಣು ತುಂಬಿ ಬಂತು, ಹಾರ್ನ್ ಹೊಡೆದು ಅದನ್ನು ಮರೆಮಾಚಿದರು. ಸಯನ್ ಬಿಟ್ಟ ಗಾಡಿ ದಾದರ್ ದಾಟುವ ತನಕ ಟ್ರಾಮಿನ ಹಾಗೆ ನೇರ ಹೋಯಿತು.

ವರ್ಲಿಗೆ ಬಂದೆವು. ಬಲಗಡೆ ಸಮುದ್ರ ಕಾಣಿಸಿತು. ತಾಯಿ ಸೀಟಿನ ಮೇಲೆ ಜಾರುತ್ತ ಜಾರುತ್ತ ಬಲ ಕಿಟಕಿಗೆ ಹೋಗಿ ಕೂತರು. ಭಾರ ಅತ್ತ ಹೋಯಿತು, ಗಾಡಿಯೂ ಅತ್ತ ತಿರುಗಿತು.

ಯಜಮಾನರು ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದು, "ಅಮ್ಮ, ಸ್ವಲ್ಪ ಎಡಕ್ಕೆ ಸರಿ. ಗಾಡಿ ಸಮುದ್ರದ ಕಡೆ ಎಳೀತಾ ಉಂಟು" ಅಂದರು.

ತಾಯಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಎಳೆಯಲಿ ಬಿಡು ಮಗಾ. ಇಷ್ಟು ವರ್ಷದಲ್ಲಿ ನನ್ನನ್ನು ಈ ಕಡೆ ಎಳೆದದ್ದು ಇದೊಂದೇ."