ಆನೆ ಮರಿಯನ್ನು ಕಾಡಿಗಟ್ಟಿದ ಆಟ

ಕೈ ಹಾಕಿದ ಕೆಲಸದಲ್ಲೆಲ್ಲ ನಗೆಪಾಟಲಾಗುವುದು ನನಗೆ ಹೊಸದಲ್ಲ. ಆದರೆ ಒಂದೇ ಒಂದು ರಟ್ಟಿನ ಹಾಳೆ ಹಿಡಿದುಕೊಂಡು ಮೂರು ತಾಲ್ಲೂಕಿನಲ್ಲಿ ನಗೆಪಾಟಲಾದದ್ದು ಹೋದ ವರ್ಷವೇ. ನಾನು ಗಾವಡಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಮಕ್ಕಳಿಗಾಗಿ ಕಥೆಯಿರುವ ಒಂದು ಮಣೆಯಾಟ ಮಾಡಬೇಕೆಂಬ ಹುಚ್ಚು ಹತ್ತಿತ್ತು. ಕಥೆ ಇಷ್ಟೇ: ತಾಯಿಯಿಂದ ತಪ್ಪಿಸಿಕೊಂಡ ಆನೆ ಮರಿ ಹೊಲಗಳಿಗೆ ಬರುತ್ತದೆ. ಆಡುವವರೆಲ್ಲ ರೈತರು. ಎಲ್ಲರೂ ಸೇರಿ ಅದನ್ನು ಮತ್ತೆ ತಾಯಿಯ ಹತ್ತಿರ ಸೇರಿಸಬೇಕು.

ಚರಿತ್ರೆ

ಸಾಲಿಗ್ರಾಮದಲ್ಲಿ ನಮ್ಮತ್ತೆ ಚೌಕಾಬಾರದಲ್ಲಿ ಎತ್ತಿದ ಕೈ. ಅವರ ಜೊತೆ ಆಡುತ್ತಲೇ ನನ್ನ ಓದನ್ನೆಲ್ಲ ಬಿಚ್ಚಿದೆ. "ಪಗಡೆಯಿಂದಲೇ ಲೂಡೋ ಬಂದದ್ದು ಅತ್ತೆ. ಹಾವು ಏಣಿ ಆಟ ಇದೆಯಲ್ಲ, ಅದು ಮೊದಲು ಪಾಪ ಪುಣ್ಯ ಹೇಳಿಕೊಡೋ ಆಟ..."

ಅತ್ತೆ ಕವಡೆ ಹಾಕುತ್ತಾ ಹೂಂಗುಟ್ಟುತ್ತಿದ್ದರು. ಕೊನೆಗೆ ಕೇಳಿದರು, "ನಿನ್ನ ಚರಿತ್ರೆ ಎಲ್ಲಿಗೆ ಬಂತು ಕಣವ್ವಾ?"

"ಈಗಿನ ಕಾಲಕ್ಕೆ ಬರ್ತಾ ಇದ್ದೀನಿ ಅತ್ತೆ."

"ನಿಧಾನಕ್ಕೆ ಬಾ. ನನ್ನ ನಾಕು ಕಾಯೂ ಹಣ್ಣಾದೊ."

ನಿಯಮಗಳು

ಆಟಕ್ಕೆ ಹದಿನಾಲ್ಕು ಪುಟ ನಿಯಮ ಬರೆದೆ. ಸ್ಟಾಫ್ ರೂಮಿನಲ್ಲಿ ಊಟದ ಬಿಡುವಿನಲ್ಲಿ ನಾಲ್ವರನ್ನು ಕೂರಿಸಿ ಓದತೊಡಗಿದೆ. ಒಂಬತ್ತನೇ ಪುಟದಲ್ಲಿದ್ದಾಗ ಬೆಲ್ ಆಯಿತು. ದಾಳವನ್ನು ಯಾರೂ ಮುಟ್ಟಿರಲಿಲ್ಲ.

ಪಿ.ಟಿ. ಮೇಷ್ಟ್ರು ಏಳುತ್ತಾ ವಿನಯದಿಂದ ಕೇಳಿದರು, "ಮೇಡಂ, ಪರೀಕ್ಷೆಗೆ ಇದರಲ್ಲಿ ಎಷ್ಟು ಪುಟ ಓದ್ಕೋಬೇಕು?"

ಆ ಭಾನುವಾರವೆಲ್ಲ ಕೂತು ಹದಿನಾಲ್ಕು ಪುಟವನ್ನು ಒಂದು ಪುಟಕ್ಕೆ ಇಳಿಸಿದೆ. ಕರುಳು ಕಿತ್ತು ಬಂತು.

ಭಾವ

ಅಕ್ಕನ ಮನೆ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕಾಡಂಚಿಗೆ. ಭಾವನ ಬಾಳೆತೋಟಕ್ಕೆ ನಿಜವಾದ ಆನೆಗಳೇ ಬರುತ್ತವೆ. ಅವರು ಒಪ್ಪಿದರೆ ಆಟ ಗೆದ್ದಂತೆ ಎಂದುಕೊಂಡು ಮಣೆ ಹರಡಿದೆ. ದಾಳ ಉರುಳಿಸಿದರು. ಎರಡು ಬಿತ್ತು. ಮರಿಯನ್ನು ಎರಡು ಮನೆ ನಡೆಸಿದೆ.

"ಇದೇನಮ್ಮಿ, ತೋಟದ ಬಾಗ್ಲಿಗೇ ಬಂದ್ಬುಟ್ಟು ನಿಂತ್ಕತು?"

"ಎರಡೇ ಬಿತ್ತಲ್ಲ ಭಾವ. ಅಷ್ಟೇ ನಡಿಯೋದು."

ಭಾವ ದಾಳವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಂಗಾರೆ ಇದ ಇಲ್ಲೇ ಬುಟ್ಟೋಗು. ನಮ್ ತೋಟಕ್ ಬರೋವ್ಕೂ ತೋರುಸ್ತೀನಿ."

ಫ್ಲೆಕ್ಸು

ಶಾಲೆಯಲ್ಲಿ ಮಕ್ಕಳು ಮೊದಲ ಸಲ ಆಡುವ ದಿನಕ್ಕೆ ಹುಣಸೂರಿನಲ್ಲಿ ಒಂದು ಫ್ಲೆಕ್ಸು ಹೇಳಿದ್ದೆ. ಆಟದ ಹೆಸರು 'ಆನೆ ಬಂತು, ದಾರಿ ಬಿಡಿ'. ಅಷ್ಟೇ ಬರೆದರೆ ಸಾಕು ಎಂದಿದ್ದೆ. ಬೆಳಿಗ್ಗೆ ನೋಡಿದರೆ ಗೇಟಿನ ಮೇಲೆ ಅಷ್ಟೆತ್ತರದ ಅಕ್ಷರಗಳು, ಅದರ ಕೆಳಗೆ ಕೈಮುಗಿದು ನಗುತ್ತಿರುವ ನಾನು! ಫೋನ್ ಮಾಡಿದರೆ ಅಂಗಡಿಯವನು, "ಫೋಟೊ ಇಲ್ದಿದ್ರೆ ಬೋಳ್ ಬೋಳು ಕಾಣುತ್ತೆ ಮೇಡಂ. ನಿಮ್ಮ ವಾಟ್ಸಾಪಿಂದು ತಗೊಂಡೆ" ಎಂದ. ನನ್ನ ಗಾತ್ರದ ಬಗ್ಗೆ ಹೆಚ್ಚು ಹೇಳುವುದು ಬೇಡ. ಫ್ಲೆಕ್ಸಿನಲ್ಲಿ ಆನೆಯ ಚಿತ್ರ ಇಲ್ಲವೆಂದು ಯಾರಿಗೂ ಅನ್ನಿಸಲಿಲ್ಲ.

ಆದರೂ ಮಕ್ಕಳು ಕೊನೆಯವರೆಗೂ ಆಡಿದರು. ಮರಿ ತಾಯಿಯನ್ನು ಸೇರಿದಾಗ ಕಿರುಚಿ ಕುಣಿದರು. ನನ್ನ ಕಣ್ಣು ತುಂಬಿತು. ಅದೇ ಖುಷಿಯಲ್ಲಿ ಸಂಜೆ ಗೇಟಿಗೆ ಬಂದೆ. ಕರೆದೊಯ್ಯಲು ಬಂದಿದ್ದ ನಮ್ಮ ಯಜಮಾನರು ಫ್ಲೆಕ್ಸನ್ನು ಓದಿ, ಸ್ಕೂಟರನ್ನು ತಳ್ಳಿಕೊಂಡು ರಸ್ತೆಯ ಆಚೆ ಬದಿಗೆ ಹೋಗಿ ನಿಂತಿದ್ದರು.

"ಅಲ್ಯಾಕ್ರೀ ನಿಂತಿದ್ದೀರಾ?"

"ದಾರಿ ಬಿಟ್ಟಿದ್ದೀನಿ ಕಣೇ, ಬಾ."