ಅತ್ತೆಯ ಶೂಮಾಯಿ

ನಮ್ಮ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಬೈದರೂ ಸಿಟ್ಟು ಬರುವುದಿಲ್ಲ. ಆದರೆ ಶೂಮಾಯಿಯನ್ನು 'ಡಂಪ್ಲಿಂಗ್' ಅಂದಿರೋ, ಮುಗಿಯಿತು ನಿಮ್ಮ ಕಥೆ! ಧಾರವಾಡದ ಈ ಎಂಜಿನಿಯರ್ ಜಪಾನಿನಲ್ಲಿ ಬಹಳ ಕಾಲ ಕೆಲಸ ಮಾಡಿ, ಈಗ ಡಚ್ಚರ ನಾಡಿನ ಹಾರ್ಲೆಮ್‌ನಲ್ಲಿ ನೆಲೆಸಿದ್ದಾರೆ.

ಶೂಮಾಯಿ ಎಂದರೆ ಚೀನಾದಿಂದ ಜಪಾನಿಗೆ ಹೋಗಿ ಅಲ್ಲಿಯದೇ ಆಗಿಬಿಟ್ಟ, ಹಬೆಯಲ್ಲಿ ಬೇಯಿಸಿದ ಪುಟ್ಟ ಕಡುಬು. ಬಾಯಿ ತೆರೆದ ಚೀಲದಂಥ ಆಕಾರ, ನೆತ್ತಿಯ ಮೇಲೆ ಒಂದೇ ಒಂದು ಹಸಿ ಬಟಾಣಿ.

ಮೊದಲ ಸಲ ಅದನ್ನು ತಿಂದ ದಿನ ಅತ್ತೆ ಊರಿಗೆ ಫೋನ್ ಮಾಡಿ, "ಅವ್ವಾ, ಇವತ್ತ ಶೂಮಾಯಿ!" ಎಂದರಂತೆ. ಅಜ್ಜಿಗೆ ಕೇಳಿಸಿದ್ದು 'ಶೂ ಮಾಯ'! "ಅಯ್ಯ, ಯಾರು ಒಯ್ದರವ್ವ ನನ್ನ ಮಗಳ ಶೂ?" ಇಡೀ ಓಣಿ ಒಂದು ವಾರ ಮರುಗಿತು.

ಒಮ್ಮೆ ನಾವಿಬ್ಬರೂ ಹೋದ ರೋಟರ್‌ಡ್ಯಾಮ್‌ನ ಹೋಟೆಲಿನ ಮೆನುವಿನಲ್ಲಿ ಶೂಮಾಯಿಗೆ 'ಡಂಪ್ಲಿಂಗ್' ಎಂದಿತ್ತು. ಅತ್ತೆ ಬಿಡುತ್ತಾರೆಯೇ? ಕಾಗದದ ಕರವಸ್ತ್ರದ ಮೇಲೆ ಎರಡು ಜಪಾನೀ ಅಕ್ಷರ ಬರೆದರು. "ನೋಡವಾ, ಮೊದಲನೇದು ಸುಡೂದು, ಎರಡನೇದು ಮಾರೂದು. ಕೂಡಿಸಿ ಓದಿದ್ರ ಶೂಮಾಯಿ."

"ಇದನ್ನ ಸುಡೂದೇ ಇಲ್ಲಲ್ಲ ಅತ್ತಿ? ಉಗಿಯಾಗ ಬೇಯಸ್ತಾರಲ್ಲ?"

"ಅದಕ್ಕ ಅದು ಭಾಷಾ. ಲೆಕ್ಕ ಅಲ್ಲ!"

ಬಡಿಸಲು ಬಂದ ಡಚ್ ಹೆಂಗಸಿಗೂ ಅದೇ ಪಾಠ ಇಂಗ್ಲಿಷಿನಲ್ಲಿ ನಡೆಯಿತು. ಪಾಪ, ನಾವು ಕೇಳುವ ಮೊದಲೇ ಆಕೆ ಬಿಲ್ ತಂದಿಟ್ಟಳು!

ಕಳೆದ ಮಾರ್ಚಿನಲ್ಲಿ ಡೆಲ್ಫ್ಟ್‌ನಲ್ಲಿ ನನ್ನ ಪಿಎಚ್‌ಡಿಯ ಮೊದಲ ವರ್ಷದ ಪರಿಶೀಲನೆ ನಡೆಯಿತು. ಮುಂದುವರಿಸುವುದು ಬೇಡ ಎಂದುಬಿಟ್ಟರು. ಅಪ್ಪ ಅಮ್ಮನಿಗೆ ಹೇಳಲು ಬಾಯಿ ಬರಲಿಲ್ಲ. ಅತ್ತೆಗೆ ಮಾತ್ರ ಒಂದು ಸಾಲಿನ ಮೆಸೇಜ್ ಕಳಿಸಿ ಮಲಗಿದೆ.

ಮರುದಿನ ಮಧ್ಯಾಹ್ನ ಬೆಲ್ ಆಯಿತು. ಬಾಗಿಲಲ್ಲಿ ಅತ್ತೆ, ಕೈಯಲ್ಲಿ ಹಬೆಯ ಬುಟ್ಟಿ. ಏನೂ ಕೇಳದೆ ಅಡುಗೆಮನೆಗೆ ನುಗ್ಗಿದರು. ಅರ್ಧ ಗಂಟೆಯಲ್ಲಿ ನನ್ನ ಮುಂದೆ ಬಿಸಿ ಶೂಮಾಯಿ. ನಾನು ಮುಟ್ಟಲಿಲ್ಲ.

"ಜಪಾನಿನ್ಯಾಗ ಮೊದಲನೇ ಚಳಿಗಾಲ," ಎಂದರು ಅತ್ತೆ, ನನ್ನನ್ನು ನೋಡದೆ. "ಆಫೀಸಿನ್ಯಾಗ ಒಂದು ಮಾತೂ ತಿಳೀತಿರಲಿಲ್ಲ. ಸೋತು ಸೂಟ್‌ಕೇಸ್ ತುಂಬಿದ್ದೆ. ಬಾಜೂ ಮನಿ ಅಜ್ಜಿ, ನಾ ಮಾಂಸ ತಿನ್ನೂದಿಲ್ಲ ಅಂತ ಎಲೆಕೋಸು ತುಂಬಿ ಇದನ್ನ ಮಾಡಿ ತಂದಳು. ತಿನ್ನೂತನಾ ಎದುರಿಗೇ ಕುಂತಳು. ಆಕಿ ಭಾಷಾ ನನಗ ಬರ್ತಿರಲಿಲ್ಲ, ನನ್ನದು ಆಕಿಗೆ."

"ಆಮ್ಯಾಲೆ?"

"ಆಮ್ಯಾಲೇನು? ಹನ್ನೆರಡು ವರ್ಷ ಇದ್ದೆ."

ಒಂದನ್ನು ಮುರಿದು, ಊದಿ ಆರಿಸಿ, ಇಪ್ಪತ್ತೆಂಟು ವರ್ಷದ ನನ್ನ ಬಾಯಿಗೆ ಹಿಡಿದರು. "ಮೊದಲ ತಿನ್ನು. ಆಮ್ಯಾಲೆ ಇಬ್ಬರೂ ಕೂಡಿ ಅಳೂಣು."

ನಾನು ತಿಂದೆ. ಆಮೇಲೆ ಅತ್ತೆ. ಅತ್ತೆಯೂ ಅತ್ತರು.